ಹಸಿಮರದ ಬೆಂಚುಗಳು

ಮಾವನ ಬಲಗೈ ನಡುಗಲು ಶುರುವಾದ ವರ್ಷವೇ ಊರ ತೋಟದ ಓಕ್ ಮರಗಳ ತೊಗಟೆಯಿಂದ ಕಪ್ಪು ರಸ ಸೋರತೊಡಗಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇನೂ ಇಲ್ಲ. ಆದರೂ ಸೊಸೆಯ ನೆನಪಿನಲ್ಲಿ ಅವೆರಡೂ ಒಂದೇ ಗಂಟಿನಲ್ಲಿ ಸೇರಿಹೋಗಿದ್ದವು.

ಮಾವ ಬಡಗಿ. ಅವರು ಮಾಡಿದ ಮೇಜಿನ ಖಾನೆಯನ್ನು ಬಾಯಿಂದ ಊದಿಯೇ ಮುಚ್ಚಬಹುದು ಎಂದು ಊರವರು ಹೇಳುತ್ತಿದ್ದರು. ಅದರಲ್ಲಿ ಅರ್ಧ ಉತ್ಪ್ರೇಕ್ಷೆ ಇದ್ದಿರಬಹುದು. ಉಳಿದರ್ಧವೇ ಒಬ್ಬ ಬಡಗಿಯ ಹೆಮ್ಮೆಗೆ ಸಾಕಾಗುವಷ್ಟಿತ್ತು. ಅಂಥ ಕೈ ಒಂದು ದಿನ ಉಳಿ ಹಿಡಿದಾಗ ತಾನಾಗಿ ಕುಣಿಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ಬೇಗ ಹೆಚ್ಚುವ ಕಾಯಿಲೆಯಲ್ಲ, ಹಾಗೆಂದು ಬಿಟ್ಟುಹೋಗುವಂಥದ್ದೂ ಅಲ್ಲ ಎಂದರು. ಮಾವ ಮನೆಗೆ ಬಂದವರೇ ಉಳಿಗಳಿಗೆಲ್ಲ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿಟ್ಟು, ಶೆಡ್ಡಿನ ಬಾಗಿಲು ಎಳೆದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಊಟಕ್ಕೆ ಕರೆದರೆ ಬರುತ್ತಿದ್ದರು. ಚಮಚ ತಟ್ಟೆಗೆ ತಾಗಿ ಟಣಟಣ ಸದ್ದು ಮಾಡಿದರೆ ಅರ್ಧಕ್ಕೇ ಎದ್ದುಹೋಗುತ್ತಿದ್ದರು.

"ಮನೇಗೆ ಹೊಸ ಕುರ್ಚಿ ಬಂದಿದೆ ನೋಡಿದ್ಯಾ?" ಎಂದು ಅತ್ತೆ ಸೊಸೆಗೆ ಹೇಳಿದರು. "ಉಸಿರಾಡತ್ತೆ. ಮಾತಾಡಲ್ಲ."

ಅತ್ತೆಯ ನಾಲಗೆ ಹಾಗೆ. ಆದರೆ ರಾತ್ರಿ ಮಾತ್ರೆ ಮರೆಯದೆ ಕೊಡುತ್ತಿದ್ದವರೂ ಅವರೇ, ಲೋಹದ ಚಮಚ ಎತ್ತಿಟ್ಟು ಸದ್ದಾಗದ ಮರದ ಚಮಚ ತಂದಿಟ್ಟವರೂ ಅವರೇ.

ಆ ಕುರ್ಚಿಯಿಂದ ಮಾವನನ್ನು ಎಬ್ಬಿಸಿದ್ದು ಕೊಡೆ ಸಾಹೇಬರು. ಅವರು ಊರ ತೋಟದ ಮೇಲ್ವಿಚಾರಕರು. ಬಿಸಿಲಿರಲಿ, ಮಳೆಯಿರಲಿ, ಕಂಕುಳಲ್ಲಿ ಕಪ್ಪು ಕೊಡೆ. ಅದನ್ನು ಬಿಚ್ಚಿದ್ದನ್ನು ಕಂಡವರು ಕಡಿಮೆ, ಅದರ ತುದಿಯಿಂದ ಮರಗಳನ್ನು ತೋರಿಸುವುದನ್ನು ಕಂಡವರೇ ಹೆಚ್ಚು. ತೋಟದ ಹಳೆಯ ಓಕ್‌ಗಳಲ್ಲಿ ಹಲವು ಮರಗಳು ರೋಗ ಬಡಿದು ಸತ್ತಿದ್ದವು, ಉರುಳಿಸದೆ ವಿಧಿಯಿರಲಿಲ್ಲ. ಆ ದಿಮ್ಮಿಗಳನ್ನು ಸೌದೆಗೆ ಕೊಡಲು ಅವರಿಗೆ ಮನಸ್ಸು ಬಂದಿರಲಿಲ್ಲ.

"ಯಜಮಾನ್ರೇ, ಆ ಮರಗಳ ನೆರಳಲ್ಲಿ ಜನ ತಲೆತಲಾಂತರದಿಂದ ಕೂತಿದ್ದಾರೆ. ಇನ್ನು ಅವುಗಳ ಮೇಲೇ ಕೂತ್ಕೊಳ್ಳಲಿ. ಬೆಂಚು ಮಾಡಿಕೊಡಿ" ಎಂದರು.

ಮಾವ ಬಲಗೈಯನ್ನು ಮುಂದೆ ಚಾಚಿ ತೋರಿಸಿದರು. ಬೆರಳುಗಳು ಗಾಳಿಗೆ ಸಿಕ್ಕಿದ ಎಲೆಗಳಂತೆ ಅಲುಗುತ್ತಿದ್ದವು.

"ನಯ ನಾಜೂಕು ಬೇಡ ನಂಗೆ. ದಿಮ್ಮಿ ಎರಡು ಹೋಳು ಮಾಡೋದು, ದಪ್ಪ ಕೊಂಬೆ ಕಾಲು ಕೊಟ್ಟು ನೆಲಕ್ಕೆ ಹುಗಿಯೋದು. ಕೊಡಲಿ ಹಿಡಿದ ಕೈ ಸ್ವಲ್ಪ ನಡುಗಿದ್ರೆ ಓಕ್ ಮರಕ್ಕೇನು ಗೊತ್ತಾಗತ್ತೆ ಹೇಳಿ?"

ಮಾವ ನಕ್ಕರು. ತಿಂಗಳುಗಳ ಮೇಲೆ ನಕ್ಕಿದ್ದು. ಅಡುಗೆಮನೆಯಲ್ಲಿದ್ದ ಅತ್ತೆ ಬಾಗಿಲ ಮರೆಗೆ ಬಂದು ನಿಂತು ಕೇಳಿಸಿಕೊಂಡರು.

ಆದರೆ ಮಾವ ಒಪ್ಪುವ ಮೊದಲು, ರೋಗದ ಮರ ಬಳಸಬಹುದೇ ಎಂದು ಸೊಸೆಯನ್ನು ಕೇಳಿದರು. ಸೊಸೆ ಕೆಲಸ ಮಾಡುತ್ತಿದ್ದದ್ದು ಗಿಡಮರಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಆ ಓಕ್‌ಗಳ ರೋಗವನ್ನು ಗುರುತಿಸಿದ್ದೂ ಅದೇ ಪ್ರಯೋಗಾಲಯ. ರೋಗ ತಂದದ್ದು ನೀರುಬೂಷ್ಟು. ಹೆಸರಿಗೆ ಬೂಷ್ಟಾದರೂ ಹಳಸಿದ ಬ್ರೆಡ್ಡಿನ ಮೇಲೆ ಬರುವ ಬೂಷ್ಟಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದು ನೀರಿನ ಪಾಚಿಗೆ ದಾಯಾದಿ. ಅದರ ಬೀಜಕಣಗಳಿಗೆ ಎರಡೆರಡು ಬಾಲ. ಮಳೆನೀರಿನಲ್ಲಿ, ಒದ್ದೆ ಮಣ್ಣಿನಲ್ಲಿ, ಎಲೆಯ ಮೇಲಿನ ಹನಿಯಲ್ಲಿ ಈಜಿಕೊಂಡು ಹೋಗಿ ಮರಕ್ಕೆ ಅಂಟಿಕೊಳ್ಳುತ್ತವೆ. ಅಂಟಿಕೊಂಡಲ್ಲಿ ಬಾಲ ಉದುರಿಸಿ, ಮೊಳೆತು, ತೊಗಟೆಯೊಳಗೆ ನೂಲು ಬಿಟ್ಟು, ಅಲ್ಲಿನ ಹಸಿ ಪದರವನ್ನು ತಿಂದು ಕೊಳೆಸುತ್ತವೆ. ಎಲ್ಲರೂ ಓದಿದ್ದು, ಎಲ್ಲರೂ ನಂಬಿದ್ದು ಇಷ್ಟು: ಈ ಬೂಷ್ಟಿಗೆ ಬೇಕಾದ್ದು ತೊಗಟೆ, ಒಳಗಿನ ಮರದ ತಂಟೆಗೆ ಅದು ಹೋಗುವುದಿಲ್ಲ.

ಸೊಸೆ ಪ್ರಯೋಗಾಲಯದ ಮುಖ್ಯಸ್ಥೆಯನ್ನು ಕೇಳಿದಳು. ಎಲ್ಲರೂ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತಿದ್ದರು. ಮೇಡಂ, "ತೊಗಟೆ ಪೂರ್ತಿ ಸುಲಿದು ಸುಟ್ಟುಬಿಡಲಿ. ಮರ ಏನೂ ಮಾಡಲ್ಲ" ಎಂದರು. ಆ ಮಾತನ್ನು ಸೊಸೆಯೇ ಮನೆಗೆ ತಂದು ಮಾವನ ಕಿವಿಗೆ ಹಾಕಿದಳು.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದಿತ್ತು.

ಬೆಂಚಿನ ಕೆಲಸ ಮಾವನ ಮೈಗೆ ಹತ್ತಿತು. ದಿಮ್ಮಿಯ ತಲೆಗೆ ಬೆಣೆ ಇಟ್ಟು ಕೊಡತಿಯಿಂದ ಬಡಿದರೆ ಕೈಯ ನಡುಕವೂ ಏಟಿನಲ್ಲೇ ಕರಗಿಹೋಗುತ್ತಿತ್ತು. ಊಟದಲ್ಲಿ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು. ಮೊದಲ ಬೆಂಚುಗಳು ತೋಟದ ಕೆಳಗಿನ ಹಾದಿಯಲ್ಲಿ, ಕೊಳದ ಪಕ್ಕ ಹೋಗಿ ನಿಂತವು. ಅವುಗಳ ಆಚೆಗೇ ಕೊಡೆ ಸಾಹೇಬರು ಓಕ್ ಸಸಿಗಳ ಪಾತಿ ಮಾಡಿದ್ದರು. ಸಂಜೆ ಹೊತ್ತು ಮಾವ ಅಲ್ಲಿಗೆ ಹೋಗಿ, ಯಾರು ಕೂತಿದ್ದಾರೆ, ಹೇಗೆ ಕೂತಿದ್ದಾರೆ ಎಂದು ದೂರದಿಂದ ನೋಡಿಕೊಂಡು ಬರುತ್ತಿದ್ದರು.

"ಮಗಳಿಗೆ ಗಂಡು ನೋಡಿಕೊಂಡು ಬರೋರ ಹಾಗೆ ಹೋಗ್ತಾರೆ" ಎಂದು ಅತ್ತೆ ಹಂಗಿಸಿದರು. ಹಂಗಿಸುವಾಗಲೂ ಅವರ ಮುಖದಲ್ಲಿ ಗೆಲುವಿತ್ತು.

ತೋಟದಲ್ಲಿ ಒಂದು ಓಕ್ ಮಾತ್ರ ಕಾಯಿಲೆ ಬಿದ್ದೂ ಉಳಿದಿತ್ತು. ರೋಗ ಕಂಡ ಕೂಡಲೇ ಕೊಡೆ ಸಾಹೇಬರು ಅದರ ಕೊಳೆತ ತೊಗಟೆಯನ್ನು ಕೆತ್ತಿ ತೆಗೆಸಿದ್ದರು. ಗಾಯದ ಸುತ್ತ ಹೊಸ ತೊಗಟೆ ತುಟಿಯಂತೆ ಮಡಿಸಿಕೊಂಡು ಚೆನ್ನಾಗಿ ಮಾಯುತ್ತಿತ್ತು. ಒಂದು ದಿನ ಅವರು ಸೊಸೆಯನ್ನು ಕರೆಸಿ ಕೊಡೆಯ ತುದಿಯಿಂದ ಗಾಯವನ್ನಲ್ಲ, ನೆತ್ತಿಯನ್ನು ತೋರಿಸಿದರು.

"ಗಾಯ ಮಾಯ್ತಿದೆ ಮೇಡಮ್ಮೋರೇ, ಮರ ಮಾತ್ರ ಬತ್ತಾ ಇದೆ. ಬುಡದಲ್ಲಿ ಬೇಕಾದಷ್ಟು ನೀರಿದೆ, ಎಲೆ ನೋಡಿದ್ರೆ ಬೇಸಿಗೇಲಿ ಬಾಯಾರಿದ ಹಾಗೆ. ನಾನಂತೂ ತಲೆ ಕೆರ್ಕೊಂಡು ಕೆರ್ಕೊಂಡು ಇದ್ದ ನಾಕು ಕೂದಲೂ ಕಳ್ಕೊಂಡೆ."

ಸೊಸೆಗೂ ಅರ್ಥವಾಗಲಿಲ್ಲ. ತೊಗಟೆಯ ರೋಗಕ್ಕೆ ತೊಗಟೆ ತೆಗೆದಾಯಿತು. ನೀರು ಮೇಲೇರುವುದು ತೊಗಟೆಯಲ್ಲಲ್ಲ, ಅದರ ಒಳಗಿನ ಮರದಲ್ಲಿ, ಕೂದಲಿನಷ್ಟು ಸಣ್ಣ ಕೊಳವೆಗಳಲ್ಲಿ. ಮರಕ್ಕೆ ಏನೂ ಆಗದಿದ್ದರೆ ನೆತ್ತಿಗೇಕೆ ಬಾಯಾರಿಕೆ? ಗಾಯದ ಅಂಚಿನಲ್ಲಿ ತೊಗಟೆಯ ಕೆಳಗಿನಿಂದ ಒಂದು ಚೂರು ಮರ ಕೊಯ್ದುಕೊಂಡು ಬಂದು, ಬೂಷ್ಟು ಬೆಳೆಸುವ ಜೆಲ್ಲಿ ಹಾಕಿದ ಗಾಜಿನ ತಟ್ಟೆಯಲ್ಲಿಟ್ಟಳು. ಕೆಲವೇ ದಿನಗಳಲ್ಲಿ ಆ ಚೂರಿನ ಸುತ್ತ ಬಿಳಿ ನೂಲು ಹಬ್ಬಿತು.

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಬಯ್ಯುವವರಲ್ಲ, ಹೊಗಳುವವರೂ ಅಲ್ಲ.

"ತೊಗಟೆ ದಾಟಿಕೊಂಡು ತಾನೇ ಚಾಕು ಒಳಗೆ ಹೋಗಿದ್ದು? ತೊಗಟೇಲಿದ್ದ ಬೂಷ್ಟನ್ನ ನಿನ್ನ ಚಾಕುವೇ ಒಳಗೆ ಕರ್ಕೊಂಡು ಹೋಗಿರಬಹುದು. ಕಳ್ಳ ಮನೆಯೊಳಗೆ ಸಿಕ್ಕ ಅಂತ ಖುಷಿಪಡೋ ಮೊದಲು, ಬಾಗಿಲು ತೆಗೆದೋರು ಯಾರು ಅಂತ ನೋಡ್ಬೇಕು."

ಮಾತು ನ್ಯಾಯವಾಗಿತ್ತು. ಸೊಸೆ ಮುಖ ಚಿಕ್ಕದು ಮಾಡಿಕೊಂಡು ಮನೆಗೆ ಬಂದಳು. ಅವಳ ಗಂಡ ಹಲ್ಲಿನ ಡಾಕ್ಟರು. ಊಟ ಮಾಡುತ್ತ ಅವನಿಗೆ ವಿಷಯ ಹೇಳಿದಳು.

"ಹೊರಗಿಂದ ಒಳಗೆ ಹೋದ್ರೆ ಕೊಳೆ ಜೊತೇಲೇ ಬರತ್ತೆ. ನನಗೂ ದಿನಾ ಅದೇ ಗೋಳು" ಎಂದ ಅವನು. "ಏನ್ಮಾಡೋದು, ಬಾಯಿ ಇರೋದೇ ಮುಂದೆ. ಹಲ್ಲನ್ನ ಹಿಂದಿನಿಂದ ತೆಗೆಯೋಕಾಗುತ್ತಾ?"

"ಊಟ ಮಾಡುವಾಗ ಹುಳುಕು ಹಲ್ಲಿನ ಮಾತು ಆಡ್ಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ" ಎಂದರು ಅತ್ತೆ.

ಸೊಸೆ ತುತ್ತು ಹಿಡಿದವಳು ಹಿಡಿದೇ ಇದ್ದಳು. ಹಲ್ಲನ್ನು ಹಿಂದಿನಿಂದ ತೆಗೆಯಲಾಗದು. ದಿಮ್ಮಿಗೆ ಆ ಕಟ್ಟುಪಾಡಿಲ್ಲ. ದಿಮ್ಮಿಯನ್ನು ಸೀಳಿದರೆ ಒಳಗಿನ ಮುಖ ಯಾವ ಚಾಕೂ ಸೋಕದೆ ತೆರೆದುಕೊಳ್ಳುತ್ತದೆ. ಆಗ ನಟ್ಟನಡುವಿನ ಚೇಗಿನಿಂದ, ಆ ಗಟ್ಟಿ ತಿರುಳಿನಿಂದ ಶುರುಮಾಡಿ, ಚೂರು ಚೂರೇ ಹೊರಗಡೆಗೆ ಬರಬಹುದು. ಕಳ್ಳ ಸಿಕ್ಕರೆ, ಬಾಗಿಲು ತೆಗೆದವಳು ತಾನಲ್ಲ ಎಂದಾದರೂ ಹೇಳಬಹುದು.

ಆಮೇಲೆ ನೆನಪಾಯಿತು, ಸೀಳಲು ಬೇಕಾದ ದಿಮ್ಮಿಗಳು ಇರುವುದು ಎಲ್ಲಿ ಎಂದು. ತುತ್ತನ್ನು ತಟ್ಟೆಗೇ ಇಳಿಸಿದಳು.

ಭಾನುವಾರ ಬೆಳಿಗ್ಗೆ ಅವಳು ಶೆಡ್ಡಿಗೆ ಹೋದಳು. ಬಾಗಿಲ ಹೊರಗೆ, ಮಳೆಗೆ ಮೈಯೊಡ್ಡಿ, ತೊಗಟೆ ಸುಲಿದ ದಿಮ್ಮಿಗಳು ಒಂದರ ಮೇಲೊಂದು ಮಲಗಿದ್ದವು. ಹಸಿ ಓಕಿನ ಹುಳಿವಾಸನೆ ಮೂಗಿಗೆ ಅಡರುತ್ತಿತ್ತು. ಮಾವ ಒಂದು ಬೆಂಚಿನ ಅಂಚನ್ನು ಕೀಸುತ್ತಿದ್ದರು.

"ಮಾವಾ, ಒಂದು ದಿಮ್ಮಿ ಸೀಳಿಕೊಡ್ತೀರಾ? ಪರೀಕ್ಷೆಗೆ ಬೇಕಿತ್ತು."

"ಒಂದೇನು, ಎರಡು ಸೀಳ್ತೀನಿ. ಮರದ ಡಾಕ್ಟ್ರು ಬಾಯಿಬಿಟ್ಟು ಕೇಳಿದ್ಮೇಲೆ ಆಯ್ತು."

ಬೆಣೆ ಇಳಿಯಿತು, ದಿಮ್ಮಿ ಒಮ್ಮೆ ನರಳಿ, ಆಮೇಲೆ ಪಟ್ಟನೆ ಎರಡಾಯಿತು. ಒಳಗಿನ ಚೇಗು ಕಂದು ಬಣ್ಣ. ಅದರ ಸುತ್ತ, ನೀರು ಸಾಗಿಸುವ ಹೊರಗಿನ ಹಸಿಮರ ಬೆಳ್ಳಗಿರಬೇಕಿತ್ತು. ಒಂದು ಮಗ್ಗುಲಲ್ಲಿ ಬೆಳ್ಳಗಿರಲಿಲ್ಲ. ಚಹದ ಕಲೆ ಹರಡಿದಂತೆ ಒಂದು ಮಬ್ಬು ಒಳಮುಖವಾಗಿ ಹೋಗಿತ್ತು.

ಸೊಸೆ ಸಣ್ಣ ದೀಪದ ಉರಿಯಲ್ಲಿ ಉಳಿಯನ್ನು ಕಾಯಿಸಿ, ಆರಿಸಿ, ಚೇಗಿನಿಂದ ಒಂದು ಚೂರು ತೆಗೆದಳು. ಮತ್ತೆ ಕಾಯಿಸಿ, ಆರಿಸಿ, ತುಸು ಹೊರಗಿನಿಂದ ಇನ್ನೊಂದು. ಹೀಗೇ ಹೊರ ಅಂಚಿನವರೆಗೂ. ಮಾವ ಕೀಸುಳಿ ಕೆಳಗಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದರು.

"ನಮ್ಮ ಬೆಂಚಿಗೇನೂ ತೊಂದ್ರೆ ಇಲ್ಲ ತಾನೇ?" ಎಂದು ಸಹಜವಾಗಿಯೇ ಕೇಳಿದರು.

"ನೋಡೋಣ ಮಾವಾ" ಎಂದಳು ಸೊಸೆ. ಅವರ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ಆ ವಾರವೆಲ್ಲ ಅವಳು ಪ್ರಯೋಗಾಲಯಕ್ಕೆ ಹೋದ ಕೂಡಲೇ ಕೈಚೀಲವನ್ನೂ ಇಳಿಸದೆ ತಟ್ಟೆಗಳನ್ನು ನೋಡುತ್ತಿದ್ದಳು. ಚೇಗಿನ ಚೂರುಗಳು ಇಟ್ಟ ಹಾಗೆಯೇ ಇದ್ದವು. ಹೊರಗಿನ ಹಸಿಮರದ ಚೂರುಗಳ ಸುತ್ತ ಮೊದಲು ಮಂಜು ಕವಿದ ಹಾಗೆ ಕಂಡಿತು, ಆಮೇಲೆ ಬಿಳಿ ನೂಲು ಹಬ್ಬಿತು. ಅದೂ ಸುಲಿದ ಮೇಲ್ಮೈಯಲ್ಲಿ ಮಾತ್ರವಲ್ಲ, ಎರಡು ಬೆರಳು ಆಳದಿಂದ ತೆಗೆದ ಚೂರಿನಲ್ಲೂ.

ಉಳಿದ ಚೂರುಗಳಿಂದ ಅವಳು ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಹೋಳು ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನೀರಿನ ಕೊಳವೆಗಳು ಕಂಡವು. ಖಾಲಿಯಿರಬೇಕಾದ ಆ ಕೊಳವೆಗಳಲ್ಲಿ ಬೂಷ್ಟಿನ ನೂಲು ಗೋಡೆಯ ಸಣ್ಣ ಕಿಂಡಿಗಳಿಂದ ನುಸುಳಿ, ಒಂದು ಕೊಳವೆಯಿಂದ ಇನ್ನೊಂದಕ್ಕೆ ದಾಟಿಹೋಗಿತ್ತು. ಒಂದು ಕಡೆ ದಪ್ಪ ಗೋಡೆಯ ದುಂಡು ಬೀಜಕಣವೊಂದು ಬಿಡಾರ ಹೂಡಿದವರ ಹಾಗೆ ನೆಮ್ಮದಿಯಾಗಿ ಕೂತಿತ್ತು. ಆ ನೂಲು ಕಂಡ ಕೊಳವೆಗಳ ಸುತ್ತಮುತ್ತ, ಇನ್ನೂ ನೂಲು ಮುಟ್ಟದ ಕೊಳವೆಗಳಲ್ಲೂ, ಗಾಳಿ ತುಂಬಿದ ಬಲೂನಿನಂಥ ಪುಗ್ಗೆಗಳು ಒತ್ತೊತ್ತಾಗಿ ಉಬ್ಬಿ ದಾರಿ ಕಟ್ಟಿದ್ದವು.

ಅವಳು ಮೇಡಮ್ಮನ್ನು ಕರೆದಳು. ಮೇಡಂ ಕನ್ನಡಕ ಹಣೆಗೇರಿಸಿ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.

"ಆರೋಗ್ಯವಾಗಿರೋ ಓಕು ನೋಡಿದ್ಯಾ?"

"ಗುಡ್ಡದ ಕಡೆ ಗಾಳಿಗೆ ಬಿದ್ದ ಮರದಿಂದ ತಂದೆ ಮೇಡಂ. ಅದರ ಹಸಿಮರದಲ್ಲಿ ಏನೂ ಇಲ್ಲ. ಕೊಳವೆಗಳು ಖಾಲಿ."

"ಇನ್ನೊಂದು ಸಲ ಮಾಡು. ನಾನೂ ಪಕ್ಕದಲ್ಲಿ ಕೂತ್ಕೋತೀನಿ."

ಇನ್ನೊಂದು ಸಲ ಮಾಡಿದರು. ಅದೇ ಬಂತು. ಮೇಡಂ ಕೈ ತೊಳೆದುಕೊಂಡು, ಒರೆಸಿಕೊಂಡು, ಟವೆಲ್ಲನ್ನು ಮೊಳೆಗೆ ಹಾಕುತ್ತ ಹೇಳಿದರು: "ತೊಗಟೆ ಸುಲಿದ್ರೆ ಸಾಕು ಅಂದಿದ್ದು ನಾನು. ಸಾಲದು. ಬೆಂಚಿನ ಕಾಲು ಒದ್ದೆ ಮಣ್ಣಲ್ಲಿದೆ, ಪಕ್ಕದಲ್ಲೇ ಸಸಿ. ತೋಟದವರಿಗೆ ಈಗಲೇ ನಾನು ಹೇಳ್ತೀನಿ." ಆಮೇಲೆ ದನಿ ತಗ್ಗಿಸಿ, "ಮನೇಲಿ ನೀನೇ ಹೇಳ್ಬೇಕು ಕಣಮ್ಮ. ನಾನು ಹೇಳಿದ್ರೆ ಆಫೀಸಿನವರು ಹೇಳಿದ ಹಾಗಾಗತ್ತೆ" ಎಂದರು.

ಹೊಸದೊಂದನ್ನು ಕಂಡ ಖುಷಿ ಸೊಸೆಗೆ ಇರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಕೂತಾಗ ಆ ನೂಲು, ಆ ಪುಗ್ಗೆಗಳು ಕಣ್ಣಮುಂದೆ ಬಂದು ತುಟಿ ಅರಳುತ್ತಿತ್ತು. ಮರುಕ್ಷಣ ಮಾವನ ನಗು ನೆನಪಾಗಿ ಅರಳಿದ್ದು ಮುದುಡುತ್ತಿತ್ತು.

ಮನೆ ತಲುಪಿದಾಗ ಮಾವ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಕೊಡತಿಯ ಹಿಡಿಗೆ ಬಟ್ಟೆ ಸುತ್ತುತ್ತಿದ್ದರು. ಅವಳು ಕೈಚೀಲ ಹಿಡಿದೇ ಎದುರಿಗೆ ನಿಂತು, ಸುತ್ತಿ ಬಳಸದೆ ಹೇಳಿಬಿಟ್ಟಳು.

"ಮಾವಾ, ಬೂಷ್ಟು ಮರದೊಳಗೂ ಇದೆ. ಜೀವಂತವಾಗಿದೆ. ಬೆಂಚುಗಳನ್ನ ತೆಗೀಬೇಕು."

"ಹಾಕಿದ್ದನ್ನೂ?"

"ಹಾಕಿದ್ದನ್ನೂ. ಆ ಕಾಲುಗಳಿಂದ ಮಣ್ಣಿಗೆ ಇಳಿಯತ್ತೆ. ಸಸಿಗಳು ಪಕ್ಕದಲ್ಲೇ ಇವೆ. ಏನೂ ಆಗಲ್ಲ ಅಂತ ನಿಮಗೆ ಹೇಳಿದ್ದು ನಾನೇ. ಆಗ ಗೊತ್ತಿರೋದೇ ಅಷ್ಟಿತ್ತು."

ಮಾವ ಬಟ್ಟೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತಿ ಮುಗಿಸಿ, ಗಂಟು ಹಾಕಲು ಎರಡು ಸಲ ನೋಡಿದರು; ಬೆರಳು ಕೇಳಲಿಲ್ಲ. ಸೊಸೆ ಬಗ್ಗಿ ಗಂಟು ಹಾಕಿದಳು. ಅವರು ಕೊಡತಿಯನ್ನು ಒಳಗಿಟ್ಟು, ಬಾಗಿಲು ಎಳೆದುಕೊಂಡು, ಮನೆಯೊಳಗೆ ಹೋಗದೆ ಬೀದಿಗೆ ಇಳಿದು ಹೊರಟುಹೋದರು.

ಅಡುಗೆಮನೆಯಲ್ಲಿ ಅತ್ತೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದರು. ಕಿಟಕಿಯಿಂದ ಎಲ್ಲ ಕೇಳಿಸಿತ್ತು.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ. ಈಗಷ್ಟೇ ಮನುಷ್ಯ ಎದ್ದು ಓಡಾಡ್ತಿದ್ದ. ಇನ್ನೊಂದು ವರ್ಷ ಬಿಟ್ಟು ಕಂಡುಹಿಡಿದಿದ್ರೆ ನಿಮ್ಮ ಬೂಷ್ಟು ಎಲ್ಲಿಗಾದ್ರೂ ಓಡಿಹೋಗ್ತಿತ್ತಾ?"

"ಓಡಲ್ಲ ಅತ್ತೆ. ಈಜತ್ತೆ" ಎಂದಳು ಸೊಸೆ. ನಗಿಸಲು ಹೇಳಿದ್ದಲ್ಲ, ನಿಜ ಹಾಗಿದ್ದದ್ದರಿಂದ ಬಾಯಿಗೆ ಬಂತು. ಹೇಳಿದ ಮೇಲೆ ಅವಳ ಕಣ್ಣು ತುಂಬಿತು.

ಅತ್ತೆ ಅವಳನ್ನೇ ನೋಡಿದರು. ಸಿಟ್ಟು ಅಲ್ಲಿಂದ ಮುಂದೆ ಹೋಗಲು ದಾರಿ ಕಾಣದೆ ನಿಂತಿತು. "ಹೋಗು, ಎಲ್ಲಿ ಹೋದ್ರೋ ನೋಡಿಕೊಂಡು ಬಾ. ಸ್ವೆಟರ್ ಹಾಕ್ಕೊಂಡಿಲ್ಲ ಅವರು. ತಗೊಂಡು ಹೋಗು."

ಎಲ್ಲಿ ಹೋಗಿದ್ದಾರೆಂದು ಊಹಿಸುವುದು ಕಷ್ಟವಿರಲಿಲ್ಲ. ಕೊಳದ ಪಕ್ಕದ ಮೊದಲ ಬೆಂಚಿನ ಮೇಲೆ ಮಾವ ಕೂತಿದ್ದರು. ಪಕ್ಕದಲ್ಲಿ ಕೊಡೆ ಸಾಹೇಬರು, ಕೊಡೆ ಮೊಣಕಾಲ ಮೇಲೆ. ಮೇಡಂ ಅವರ ಫೋನು ಅವರಿಗಾಗಲೇ ಬಂದಿತ್ತು. ಇಬ್ಬರೂ ಸಸಿಗಳ ಪಾತಿಯನ್ನೇ ನೋಡುತ್ತಿದ್ದರು. ಬೆಂಚಿನ ಕಾಲುಗಳ ಬುಡದಲ್ಲಿ ಹಿಂದಿನ ದಿನದ ಮಳೆನೀರು ನಿಂತಿತ್ತು.

ಸೊಸೆ ಸ್ವೆಟರ್ ಕೊಟ್ಟಳು. ಮಾವ ಹಾಕಿಕೊಂಡರು.

"ನಾನು ನಿನ್ನ ಮಾತು ನಂಬಲಿಲ್ಲ ಅಂತಲ್ಲಮ್ಮ" ಎಂದರು ನಿಧಾನವಾಗಿ. "ಒಳ್ಳೇ ಮರ ಇದು. ಎಷ್ಟು ಗಟ್ಟಿ ಅಂತ ಸೀಳಿದ ನನಗೆ ಗೊತ್ತು. ಇಂಥದರೊಳಗೆ ಅದು ಹೇಗೆ ಹೋಯ್ತು ಅನ್ನೋದೇ ತಲೆಗೆ ಹತ್ತಲ್ಲ. ನಂಗೆ ತೋರಿಸ್ತೀಯಾ?"

ಮಾರನೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಯೋಗಾಲಯಕ್ಕೆ ಬಂದರು. ಸೊಸೆ ಅಷ್ಟು ವರ್ಷದಿಂದ ಕೆಲಸ ಮಾಡುತ್ತಿದ್ದರೂ ಅವರು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು ಕಣ್ಣಿಟ್ಟರು. ಚಿತ್ರ ಸ್ಪಷ್ಟವಾಗಲು ಪಕ್ಕದ ತಿರುಪು ತಿರುಗಿಸಬೇಕು. ಅವರ ಬೆರಳು ತಾಗಿದರೆ ಚಿತ್ರ ಹಾರಿಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡು, "ನೀನು ತಿರುಗಿಸು, ನಾನು ಹೇಳ್ತೀನಿ" ಎಂದರು.

ಸೊಸೆ ತಿರುಗಿಸಿದಳು.

"ಹಾಂ… ಹಾಂ, ನಿಲ್ಸು. ಕಂಡಿತು. ಬಲೆ ಹಾಗೆ ಹೋಗಿದೆಯಲ್ಲ ಅದಾ?"

"ಅದೇ ಬೂಷ್ಟು. ಮೊದಲು ತೊಗಟೆ, ತೊಗಟೆಯಿಂದ ಅಡ್ಡಕ್ಕೆ ಒಳಗೆ ಬರೋ ಮೆತ್ತನೆ ಸಾಲು, ಅದನ್ನ ಹಿಡಿದು ಕೊಳವೆಗೆ. ಕೊಳವೆ ಸಿಕ್ಕಿದ ಮೇಲೆ ಮೇಲೆ ಕೆಳಗೆ ಓಡೋದು ಸುಲಭ."

"ಗಟ್ಟಿ ಗೋಡೆ ಒಡೀಲೇ ಇಲ್ಲ, ಕಿಂಡೀಲಿ ನುಸುಳಿದೆ. ಮತ್ತೆ ಈ ಗುಂಡು ಗುಂಡಾಗಿರೋದು? ಇವು ಅದರ ಮೊಟ್ಟೆಗಳಾ?"

"ಅಲ್ಲ ಮಾವಾ. ಅವು ಮರದ್ದೇ. ಶತ್ರು ಒಳಗೆ ಬಂತು ಅಂತ ಮರಕ್ಕೆ ಗೊತ್ತಾಗತ್ತೆ. ಅದು ಮುಂದೆ ಹೋಗ್ಬಾರ್ದು ಅಂತ ಮರವೇ ತನ್ನ ಕೊಳವೆಗಳನ್ನ ಮುಚ್ಕೊಳ್ಳತ್ತೆ. ಮುಚ್ಚಿದ್ರೆ ನೀರೂ ಹೋಗಲ್ಲ. ಸಾಹೇಬ್ರ ಮರ ಬಾಯಾರಿದ್ದು ಅದಕ್ಕೇ ಇರ್ಬೇಕು ಅಂತ ನಮಗನ್ಸತ್ತೆ."

ಮಾವ ಕಣ್ಣು ತೆಗೆದು ಸೊಸೆಯನ್ನು ನೋಡಿದರು, ಮತ್ತೆ ಕಣ್ಣಿಟ್ಟರು. ಮೇಡಂ ಬಾಗಿಲಲ್ಲಿ ಬಂದು ನಿಂತವರು ಒಳಗೆ ಬರಲಿಲ್ಲ.

"ಪಾಪ" ಎಂದರು ಮಾವ. "ಅದೂ ಏನ್ಮಾಡತ್ತೆ. ಗಾಬರಿ."

ಆಮೇಲೆ ಸ್ಟೂಲಿನಿಂದ ಇಳಿದು, ಅಂಗಿ ಎಳೆದು ಸರಿಮಾಡಿಕೊಂಡು, ಬಾಗಿಲಲ್ಲಿದ್ದ ಮೇಡಮ್ಮನ್ನು ನೇರವಾಗಿ ಕೇಳಿದರು: "ಬೇಯಿಸಿದ್ರೆ ಸಾಯುತ್ತಾ ಇದು?"

ಮೇಡಂ ನಕ್ಕುಬಿಟ್ಟರು. "ಸಾಯುತ್ತೆ ಯಜಮಾನ್ರೇ. ಆದ್ರೆ ಬಿಸಿ ನಡುಮಧ್ಯದವರೆಗೂ ಮುಟ್ಟಬೇಕು. ಮತ್ತೆ ಹಸಿಮರ ಬಿರಿಯೋ ಸಾಧ್ಯತೆ ಇದೆ."

"ಬಿರಿದ್ರೆ ಬಿರೀಲಿ. ಅದಕ್ಕೆ ಕಾಯಿಲೆ ಇರೋದಕ್ಕಿಂತ ವಾಸಿ."

ಬೆಂಚುಗಳನ್ನು ಕಿತ್ತದ್ದು ಮಾವನೇ ನಿಂತು. ಕೊಡೆ ಸಾಹೇಬರ ಕಡೆಯ ಆಳುಗಳು ಕಾಲುಗಳ ಸುತ್ತ ಅಗೆದು, ಅಂಟಿದ ಮಣ್ಣನ್ನು ಅಲ್ಲೇ ಉದುರಿಸದೆ ಚೀಲಕ್ಕೆ ತುಂಬಿದರು. ಹಾರೆ, ಗುದ್ದಲಿ, ಬೂಟು ಎಲ್ಲವನ್ನೂ ತೊಳೆದು ಔಷಧಿ ಹಾಕಿದರು. ದಿನಾ ಬಂದು ಕೂರುತ್ತಿದ್ದ ಅಜ್ಜಿಯೊಬ್ಬರು, "ಇದೇನ್ರೀ, ಮೊನ್ನೆ ಹಾಕಿ ಇವತ್ತು ಕೀಳ್ತಿದ್ದೀರಾ? ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ಗದರಿದರು. ಮಾವ ಅವರನ್ನು ಕೂರಿಸಿಕೊಂಡು ಬಾಲದ ಬೀಜಕಣದಿಂದ ಪುಗ್ಗೆಗಳವರೆಗೆ ಇಡೀ ಕಥೆ ಹೇಳಿದರು. ಸೊಸೆ ದೂರದಿಂದ ಕೇಳಿಸಿಕೊಂಡಳು. ಅಲ್ಲಲ್ಲಿ ಉಪ್ಪುಖಾರ ಸೇರಿತ್ತಾದರೂ ಮುಖ್ಯವಾದದ್ದು ತಪ್ಪಿರಲಿಲ್ಲ.

ಊರಾಚೆ ಹಲಗೆ ಒಣಗಿಸುವ ಕಾರ್ಖಾನೆಯಿತ್ತು. ಅದರ ಬಿಸಿಕೋಣೆಗೆ ಬೆಂಚುಗಳೂ ಉಳಿದ ದಿಮ್ಮಿಗಳೂ ಹೋದವು. ಹೊರಗೆ ಬಂದಾಗ ಸೊಸೆ ಒಂದೊಂದರಿಂದಲೂ ಚೂರು ತೆಗೆದು ತಟ್ಟೆಯಲ್ಲಿಟ್ಟಳು. ಯಾವುದರಲ್ಲೂ ಏನೂ ಬೆಳೆಯಲಿಲ್ಲ. ಆದರೆ ಮೇಡಂ ಹೇಳಿದ್ದಂತೆಯೇ ಬಹಳಷ್ಟು ಬಿರಿದಿದ್ದವು. ಕೆಲವು ಬೆರಳು ತೂರುವಷ್ಟು ಬಾಯಿಬಿಟ್ಟಿದ್ದವು, ಒಂದಂತೂ ಹಪ್ಪಳದ ಹಾಗೆ ತಿರುಚಿಕೊಂಡಿತ್ತು. ಮಾವ ಒಂದೊಂದನ್ನೂ ಸವರಿ ನೋಡಿ, ತೀರಾ ಕೆಟ್ಟವನ್ನು ಪಕ್ಕಕ್ಕೆ ಹಾಕಿದರು. ಆ ದಿನ ಮನೆಗೆ ಬಂದು ಊಟ ಬೇಡವೆಂದು ಮಲಗಿದರು. ಅತ್ತೆ ಅವರನ್ನು ಎಬ್ಬಿಸಲೂ ಇಲ್ಲ, ಚುಚ್ಚಲೂ ಇಲ್ಲ. ತಟ್ಟೆ ಮುಚ್ಚಿಟ್ಟು ಪಕ್ಕದಲ್ಲಿ ಕೂತು ಬಟ್ಟೆ ಮಡಿಸಿದರು. ಮುಂಜಾನೆ ನೋಡಿದರೆ ಮಾವ ಶೆಡ್ಡಿನಲ್ಲಿದ್ದರು. ಬಿರುಕುಗಳಿಗೆ ಅಡ್ಡಪಟ್ಟಿ ಕೂರಿಸುವ ಕೆಲಸಕ್ಕೆ ಕೈಹಾಕಿದ್ದರು. ಅದು ಸೂಕ್ಷ್ಮ ಕೆಲಸ, ಉಳಿಯ ಕೆಲಸ. ಪಟ್ಟಿಗಳು ನೆಟ್ಟಗೆ ಕೂರಲಿಲ್ಲ, ಅಂಚು ಒರಟಾಗಿತ್ತು. ಆದರೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಉಳಿಗಳು ಹೊರಗೆ ಬಂದಿದ್ದವು.

ಬೆಂಚುಗಳು ಈ ಸಲ ಕಲ್ಲಿನ ಕಾಲುಗಳ ಮೇಲೆ ತೋಟಕ್ಕೆ ಮರಳಿದವು, ಮೇಲಿನ ಹಾದಿಗೆ. ಕೆಳಗಿನ ಹಾದಿಯ ಮಣ್ಣನ್ನು ಸೊಸೆ ನೀರಿನಲ್ಲಿ ಕದಡಿ, ಮೇಲೆ ಎಳೆ ಎಲೆಗಳನ್ನು ತೇಲಿಬಿಟ್ಟು ಪರೀಕ್ಷಿಸಿದಳು. ಮಣ್ಣಿನಲ್ಲಿ ಬೂಷ್ಟಿದ್ದರೆ ಈಜಿ ಬಂದು ಎಲೆಗೆ ಹತ್ತುತ್ತದೆ. ಹೆಚ್ಚಿನ ಕಡೆಯ ಎಲೆಗಳು ಹಸಿರಾಗಿಯೇ ಉಳಿದವು. ಮೊದಲ ಬೆಂಚು ನಿಂತಿದ್ದ ಜಾಗದ ಎಲೆಗಳ ಮೇಲೆ ಮಾತ್ರ ಕಪ್ಪು ಚುಕ್ಕೆ ಬಿದ್ದವು. ಆ ಚುಕ್ಕೆಯಲ್ಲಿದ್ದದ್ದು ಅದೇ ಬೂಷ್ಟು. ಅದು ಬೆಂಚಿನಿಂದ ಬಂದದ್ದೋ, ಮೊದಲಿನಿಂದ ಅಲ್ಲೇ ಇದ್ದದ್ದೋ ಹೇಳುವಂತಿರಲಿಲ್ಲ. ಮಾವ ಅದನ್ನು ಎರಡು ಸಲ ಕೇಳಿದರು. ಸೊಸೆ ಎರಡು ಸಲವೂ, "ಗೊತ್ತಿಲ್ಲ ಮಾವಾ" ಎಂದೇ ಹೇಳಿದಳು. ಆ ಪಾತಿಯ ಸಸಿಗಳನ್ನು ಕಿತ್ತು ಸುಟ್ಟು, ಕೊಡೆ ಸಾಹೇಬರು ಹಾದಿಗೆ ಬೇಲಿ ಹಾಕಿಸಿದರು. ಬಾಯಾರಿದ ಆ ಓಕನ್ನೂ ಕಡಿಸಿದರು. ಕಡಿಯುವಾಗ ಅವರು ಅಲ್ಲಿ ನಿಲ್ಲಲಿಲ್ಲ. ತೋಟದ ಇನ್ನೊಂದು ತುದಿಗೆ ಹೋಗಿ, ಮೋಡವೇ ಇಲ್ಲದ ದಿನ ಕೊಡೆ ಬಿಚ್ಚಿಕೊಂಡು ಕೂತಿದ್ದರಂತೆ.

ಅಲ್ಲಿಂದಾಚೆ ಬೇರೆ ಊರುಗಳಿಂದ ರೋಗದ ದಿಮ್ಮಿಗಳು ಪ್ರಯೋಗಾಲಯಕ್ಕೆ ಬರತೊಡಗಿದವು. ಒಳಗಿಂದ ಹೊರಗೆ ಪರೀಕ್ಷಿಸಬೇಕಾದರೆ ಸೀಳುವವರು ಬೇಕು. ಮೇಡಂ ಒಂದು ದಿನ ಮನೆಗೇ ಫೋನು ಮಾಡಿ ಮಾವನನ್ನು ಕೇಳಿದರು. ಮಾವ, "ನೋಡ್ತೀನಿ, ಪುರುಸೊತ್ತು ಆದ್ರೆ" ಎಂದು ಗತ್ತಿನಿಂದ ಹೇಳಿ ಫೋನಿಟ್ಟರು.

"ಪುರುಸೊತ್ತಂತೆ!" ಎಂದರು ಅತ್ತೆ. "ರಾಜರಿಗೆ ದರ್ಬಾರಿತ್ತೇನೋ ಪಾಪ."

ಹೀಗೆ ಕೆಲವು ಸಂಜೆಗಳಲ್ಲಿ ಮಾವ ಸೊಸೆ ಒಟ್ಟಿಗೇ ಕೆಲಸ ಮುಗಿಸಿ ಮನೆಗೆ ಹೊರಡುತ್ತಿದ್ದರು. ಬಸ್ಸಿಳಿದು ತೋಟದೊಳಗೆ ಹಾದರೆ ದಾರಿ ಹತ್ತಿರ. ಗೇಟಿನಲ್ಲಿ ಈಗ ಔಷಧಿ ನೀರಿನ ತಟ್ಟೆ, ಪಕ್ಕದಲ್ಲಿ ಬ್ರಷ್ಷು ಇಟ್ಟಿದ್ದರು. ಹೊರಗೆ ಹೋಗುವವರು ಬೂಟಿನ ಮಣ್ಣು ಉಜ್ಜಿಕೊಂಡೇ ಹೋಗಬೇಕು. ಅವಸರದವರು ಕಾಲು ಅದ್ದಿದ ಶಾಸ್ತ್ರ ಮಾಡಿ ದಾಟುತ್ತಿದ್ದರು. ಮಾವ ಹಾಗಲ್ಲ. ಗೇಟಿನ ಕಂಬ ಹಿಡಿದು ನಿಂತು, ಒಂದೊಂದೇ ಬೂಟನ್ನು ಅಂಗಾಲು ಮೇಲೆ ಮಾಡಿ, ಗೀರುಗೀರಿನಲ್ಲೂ ಬ್ರಷ್ಷು ಆಡಿಸುತ್ತಿದ್ದರು. ಕೈಯ ನಡುಕಕ್ಕೆ ಬ್ರಷ್ಷು ತಾನೇ ತಾನಾಗಿ ಆಚೆ ಈಚೆ ಓಡುತ್ತಿತ್ತು.

"ನೋಡಿದ್ಯಾ" ಎಂದರು ಒಂದು ದಿನ, "ಈ ಕೆಲಸಕ್ಕೆ ನನ್ನ ಕೈಯಂಥ ಕೈ ಊರಲ್ಲಿ ಇನ್ನೊಂದಿಲ್ಲ."

ಸೊಸೆ ನಕ್ಕು ತನ್ನ ಬೂಟನ್ನೂ ಮುಂದೆ ಚಾಚಿದಳು. ಮಾವ ಅದನ್ನೂ ಉಜ್ಜಿದರು. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮಿದರು. ಮಳೆಯ ಮೊದಲ ಹನಿಗಳು ಬೀಳುತ್ತಿದ್ದವು, ಇಬ್ಬರೂ ಮನೆಯ ಕಡೆ ಹೆಜ್ಜೆ ಹಾಕಿದರು.